ಗುಡ್ಡದ ಕಾಲುದಾರಿ: ಮೊದಲು ನೀರಿಗೆ ದಾರಿ ಕೊಡಿ

ಶಹಾಪುರ, ಯಾದಗಿರಿಯ ಬಂಡೆಗುಡ್ಡವಿರಲಿ, ಚಿಂಚೋಳಿಯ ಕೆಂಪು ಜಂಬಿಟ್ಟಿಗೆ ಗುಡ್ಡವಿರಲಿ, ಕಾಲುದಾರಿ ಕೆಡುವ ಬಗೆ ಒಂದೇ. ತುಳಿದು ತಗ್ಗಾದಲ್ಲಿ ಮಳೆನೀರು ಇಳಿಯುತ್ತದೆ, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಕೊಚ್ಚಿಹೋಗುತ್ತದೆ, ಕಲ್ಲು ಹಲ್ಲಿನಂತೆ ಎದ್ದು ನಿಲ್ಲುತ್ತವೆ. ಜನ ಪಕ್ಕದ ಹುಲ್ಲಿಗೆ ಇಳಿಯುತ್ತಾರೆ. ಒಂದೆರಡು ಮಳೆಗಾಲದಲ್ಲಿ ಒಂದು ದಾರಿ ಮೂರಾಗಿರುತ್ತದೆ.

ಸ್ವಯಂಸೇವಕರ ತಂಡ ಸೇರಿದಾಗ ಎಲ್ಲರಿಗೂ ಮೆಟ್ಟಿಲು ಕಟ್ಟುವ ಹುರುಪು. ಫೋಟೊದಲ್ಲಿ ಚೆಂದ ಕಾಣುತ್ತದಲ್ಲ! ಆದರೆ ನೀರನ್ನು ಹೊರಹಾಕದೆ ಕಟ್ಟಿದ ಮೆಟ್ಟಿಲು ಮುಂದಿನ ಹಸ್ತ ಮಳೆ ದಾಟುವುದಿಲ್ಲ.

ಅನುಮತಿ, ಸಲಕರಣೆ

ಅರಣ್ಯದಲ್ಲಿ ಒಂದು ಬುಟ್ಟಿ ಮಣ್ಣು ಅಗೆಯಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಚಿಂಚೋಳಿ ವನ್ಯಜೀವಿಧಾಮದೊಳಗೆ ನಿಯಮ ಇನ್ನೂ ಬಿಗಿ. ಕೋಟೆಯಿರುವ ಗುಡ್ಡದಲ್ಲಿ ಪುರಾತತ್ವ ಇಲಾಖೆಯನ್ನು ಕೇಳದೆ ಬಿದ್ದ ಕಲ್ಲನ್ನೂ ಎತ್ತಬೇಡಿ.

ಹತ್ತು ಜನರ ತಂಡಕ್ಕೆ ಎರಡು ಹಾರೆ, ಮೂರು ಗುದ್ದಲಿ, ಎರಡು ಸಲಿಕೆ, ಒಂದು ಪಿಕಾಸಿ, ಎರಡು ಕುಡುಗೋಲು, ನಾಲ್ಕು ಬುಟ್ಟಿ ಸಾಕು. ಗುದ್ದಲಿ ಬೀಸುವವರ ನಡುವೆ 10 ಅಡಿ ಅಂತರವಿರಲಿ.

ಮಿರಗಕ್ಕೆ (ಮೃಗಶಿರಾ ಮಳೆಗೆ) ಮುಂಚೆ

ಏಪ್ರಿಲ್‌, ಮೇ ತಿಂಗಳಲ್ಲಿ ಗರಸು ಕಲ್ಲಾಗಿರುತ್ತದೆ. ಪಿಕಾಸಿ ಹಾಕಿದರೆ ಕೈ ಜುಮ್ಮೆನ್ನುತ್ತದೆ, ಮಣ್ಣು ಏಳುವುದಿಲ್ಲ. ಹೊಸ ಅಗೆತ ಬೇಡ. ಹಳೆಯ ನೀರುಗಾಲುವೆಗಳಲ್ಲಿ ತುಂಬಿದ ಹೂಳು, ಎಲೆ ತೆಗೆಯುವುದಷ್ಟೇ ಕೆಲಸ. ಬೆಳಗಿನ 6ಕ್ಕೆ ಶುರುಮಾಡಿ 9.30ಕ್ಕೆ ಇಳಿದುಬಿಡಿ. ಒಬ್ಬೊಬ್ಬರಿಗೆ 4 ಲೀಟರ್ ಕುಡಿಯುವ ನೀರಿರಲಿ.

ಮಳೆ ಬೀಳುವಾಗ

ಸಲಕರಣೆ ಮನೆಯಲ್ಲಿರಲಿ, ಛತ್ರಿ ಹಿಡಿದು ಹೋಗಿ. ಸಿಡಿಲಿರುವಾಗ ಮಾತ್ರ ಗುಡ್ಡ ಏರಬೇಡಿ. ನೀರು ಎಲ್ಲಿ ದಾರಿಗೆ ಸೇರುತ್ತದೆ, ಎಲ್ಲಿ ಬಿಡುತ್ತದೆ ಎಂದು ನೋಡಿ, ಆ ಜಾಗದ ಕಲ್ಲಿಗೆ ಸುಣ್ಣದ ಗುರುತು ಹಾಕಿ. ಬಿಸಿಲಲ್ಲಿ ಹತ್ತು ಸಲ ಅಲೆದರೂ ತಿಳಿಯದ್ದು ಒಂದು ಮಳೆಯಲ್ಲಿ ತಿಳಿಯುತ್ತದೆ.

ಹಸ್ತ ಮಳೆ ಕಳೆದ ಮೇಲೆ

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಣ್ಣು ಹದವಾಗಿರುತ್ತದೆ. ನಿಜವಾದ ಕೆಲಸ ಆಗಬೇಕಾದದ್ದು ಈಗ.

ಮೊದಲು ದಾರಿಯ ಓಟ, ಎಂದರೆ ಇಳಿಜಾರು. 3 ಅಡಿ ಅಗಲದ ದಾರಿ ಕಣಿವೆಯ ಕಡೆಗೆ 2 ಇಂಚು ತಗ್ಗಿರಬೇಕು. ಅಂಚಿನಲ್ಲಿ ಬದುವಿನಂತೆ ಎದ್ದ ಮಣ್ಣನ್ನು ಕೆತ್ತಿ ತೆಗೆಯಿರಿ. ನೀರನ್ನು ದಾರಿಯೊಳಗೇ ಹಿಡಿದಿಡುವುದು ಅದೇ.

ಇನ್ನು ಅಡ್ಡಗಲ್ಲು, ಎಂದರೆ ಹರಿವ ನೀರನ್ನು ದಾರಿಯಿಂದ ಹೊರಗೆ ತಿರುಗಿಸುವ ಕಲ್ಲಿನ ಸಾಲು. 100 ಅಡಿಗೆ 10 ಅಡಿ ಏರುವ ಕಡೆ 50ರಿಂದ 75 ಅಡಿಗೊಂದು ಸಾಲು ಹಾಕಿ. ದಾರಿಗೆ ನೇರ ಅಡ್ಡವಾಗಿ ಇಟ್ಟರೆ ನೀರು ನಿಂತು ಹೂಳು ತುಂಬಿ, ಕಲ್ಲಿನ ಮೇಲೆಯೇ ಹಾಯುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ಇಡಿ. ಸಾಲಿನ ಕೆಳತುದಿ ಕಣಿವೆಯ ಕಡೆಗಿದ್ದು, ದಾರಿಯಂಚನ್ನು ಒಂದಡಿ ದಾಟಲಿ. ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗೆ. ಒಂದಕ್ಕೊಂದು ಒತ್ತಿ ಕೂರಿಸಿ, ಸಂದಿಗೆ ಗರಸು ತುಂಬಿ ಹಾರೆಯ ಹಿಂಬದಿಯಿಂದ ಗುದ್ದಿ. ಆಮೇಲೆ ಮೇಲೇರಿ ನಿಂತು ಮೈ ಅಲುಗಿಸಿ ನೋಡಿ. ‘ಟಕ್’ ಎಂದರೆ ಕಿತ್ತು ಮತ್ತೆ ಕೂರಿಸಬೇಕು. ಚಿಪ್ಪುಗಲ್ಲು ತುರುಕಿ ಸಮಾಧಾನ ಮಾಡಿಕೊಂಡರೆ ಅದು ತಿಂಗಳೊಳಗೆ ಉದುರುತ್ತದೆ. ನೀರು ಹೊರಬೀಳುವ ಕಾಲುವೆ ಬಾಯಲ್ಲಿ ಒಂದು ಸಲಿಕೆ ಅಗಲವಿದ್ದರೆ ಕೊನೆಯಲ್ಲಿ ಎರಡು ಸಲಿಕೆ ಅಗಲವಿರಲಿ. ಇಲ್ಲವಾದರೆ ಮೊದಲು ಕಟ್ಟಿಕೊಳ್ಳುವುದು ಅಲ್ಲೇ.

ಕಲ್ಲು ಎಬ್ಬಿಸುವಾಗ ಸಂದಿ ನಿಮ್ಮಿಂದ ಆಚೆಗೆ ತೆರೆಯುವಂತೆ ಹಾರೆ ಹಾಕಿ. ಕೆಳಗೆ ಚೇಳೋ ಮಂಡಲದ ಹಾವೋ ಇದ್ದರೆ ಅದು ಆ ಕಡೆಗೇ ಹೋಗಲಿ. ಬರಿಗೈ ಹಾಕುವುದಂತೂ ಬೇಡವೇ ಬೇಡ.

ಮೆಟ್ಟಿಲಿನ ಸರದಿ ಕೊನೆಗೆ. ಕೆಳಗಿನಿಂದ ಶುರುಮಾಡಿ, ಮೇಲಿನ ಕಲ್ಲು ಕೆಳಗಿನದರ ಹಿಂಬದಿಯ ಮೇಲೆ 2 ಇಂಚಾದರೂ ಕೂರಲಿ. ಎತ್ತರ 6ರಿಂದ 8 ಇಂಚು, ಕಾಲಿಡಲು 12 ಇಂಚು. ಸುಲಭಕ್ಕೆ ಸಿಗುತ್ತದೆಂದು ತೆಳು ಶಹಾಬಾದ್ ಫರಸಿ ತಂದು ಹಾಕುವವರಿದ್ದಾರೆ: ನೆನೆದಾಗ ಅದು ಜಾರುತ್ತದೆ, ಅಡಿಯ ಮಣ್ಣು ಕುಸಿದರೆ ಬಿರಿಯುತ್ತದೆ. ಹಾಗೆಯೇ ಗುಂಡಿ ಮುಚ್ಚಲು ಹೊಲದ ಕಪ್ಪು ಎರೆಮಣ್ಣು ತರಬೇಡಿ. ಅದು ನೆನೆದು ಉಬ್ಬುತ್ತದೆ, ಒಣಗಿ ಬಾಯಿಬಿಡುತ್ತದೆ, ಮಳೆಗಾಲದಲ್ಲಿ ಚಪ್ಪಲಿಗೆ ಅಂಟಿಕೊಂಡು ದಾರಿಯೇ ಎದ್ದು ಬರುತ್ತದೆ. ಗರಸನ್ನು 4 ಇಂಚಿನ ಪದರಗಳಾಗಿ ಹಾಕಿ, ಸ್ವಲ್ಪ ನೀರು ಚಿಮುಕಿಸಿ ದಮ್ಮಸು ಮಾಡಿ (ಗುದ್ದಿ ಗಟ್ಟಿಮಾಡಿ).

ಹುಲ್ಲು, ಮುಳ್ಳು

ಜನವರಿಯಲ್ಲಿ ಎರಡೂ ಬದಿ ಸೇರಿ 4 ಅಡಿ ಅಗಲ, 7 ಅಡಿ ಎತ್ತರಕ್ಕೆ ದಾರಿ ತೆರವು ಮಾಡಿ. ಬಳ್ಳಾರಿ ಜಾಲಿಯನ್ನು ಬುಡದ ಮೇಲೆ ಕಡಿದರೆ ಒಂದಕ್ಕೆ ಐದು ಚಿಗುರು. ಬೇರುಬುಡ ಸಮೇತ ಕೀಳಬೇಕು. ಕಡಿದ ಮುಳ್ಳನ್ನು ಅಡ್ಡದಾರಿಗಳ ಬಾಯಿಗೆ ಹಾಕಿದರೆ ಅವು ತಾವಾಗಿಯೇ ಮುಚ್ಚುತ್ತವೆ. ಒಣಹುಲ್ಲನ್ನು ಅಲ್ಲೇ ಸುಡುವ ಆಸೆ ಬೇಡ. ಫೆಬ್ರವರಿಯಿಂದ ಕಾಳ್ಗಿಚ್ಚಿನ ಕಾಲ, ಒಂದು ಬೀಡಿಯ ಕಿಡಿ ಸಾಕು. ಹುಲ್ಲನ್ನು ಹೊರೆಕಟ್ಟಿ ಕೆಳಗಿಳಿಸಲೂ ಇಲಾಖೆಯ ಒಪ್ಪಿಗೆ ಬೇಕೆಂಬುದನ್ನು ಅರ್ಜಿ ಬರೆಯುವಾಗಲೇ ಸೇರಿಸಿಕೊಳ್ಳಿ.