ಕ್ಯೂ ಕೊಡುವುದು, ಕ್ಯೂ ಹಿಡಿಯುವುದು

ಟಿಕೆಟ್ಟಿಗೆ ನಿಲ್ಲುವ ಕ್ಯೂ ಬೇರೆ, ನಾಟಕದ ಕ್ಯೂ ಬೇರೆ; ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ, ಅಷ್ಟೆ. ರಂಗದ ಮೇಲೆ ಕ್ಯೂ ಎಂದರೆ ಮುಂದಿನ ಮಾತು, ಪ್ರವೇಶ, ಬೆಳಕು ಅಥವಾ ಸದ್ದು ಶುರುವಾಗಲು ಇರುವ ಗುರುತು. ಎದುರು ಪಾತ್ರದ ಕೊನೆಯ ಮಾತು ಕ್ಯೂ ಆಗಬಹುದು, ಕುರ್ಚಿಯಿಂದ ಏಳುವುದೂ ಆಗಬಹುದು.

ಷೇಕ್ಸ್‌ಪಿಯರ್ ಕಾಲದ ನಟರ ಕೈಗೆ ಪೂರ್ತಿ ನಾಟಕ ಸಿಗುತ್ತಿರಲಿಲ್ಲ. ತಮ್ಮ ಪಾತ್ರದ ಮಾತು, ಅದರ ಹಿಂದಿನ ಮಾತಿನ ಕೊನೆಯ ಕೆಲವು ಪದ, ಇಷ್ಟೇ. ಕನ್ನಡದಲ್ಲಿ ಒಂದೇ ಪದವನ್ನು ನಂಬುವುದು ಕಷ್ಟ: ಕ್ರಿಯಾಪದ ಕೊನೆಗೆ ಬರುವುದರಿಂದ ‘ಬಂದೆ’, ‘ಹೋದ’ ಎಂಬಂಥವೇ ಕ್ಯೂ ಆಗುತ್ತವೆ, ಅವು ನಾಟಕದ ತುಂಬಾ ಇರುತ್ತವೆ. ಆದ್ದರಿಂದ ಕೊನೆಯ ನಾಲ್ಕೈದು ಪದಗಳನ್ನು ನಿಮ್ಮ ಮಾತಿನ ಜತೆಗೇ ಬಾಯಿಪಾಠ ಮಾಡಿ. ಹಾಗೆಂದು ಕೊನೆಯ ಪದ ಬೀಳುವವರೆಗೆ ಸುಮ್ಮನೆ ಕಾಯಬೇಡಿ. ಆಮೇಲೆ ಉಸಿರೆಳೆದರೆ ಪ್ರತಿ ಮಾತಿಗೂ ಒಂದು ಸಣ್ಣ ಖಾಲಿ ಜಾಗ ಸೇರಿ ದೃಶ್ಯ ಜಗ್ಗುತ್ತದೆ. ಎದುರಿನವರ ವಾಕ್ಯ ಮುಗಿಯುತ್ತಿರುವಾಗಲೇ ಉಸಿರು ತುಂಬಿಕೊಳ್ಳಿ.

ಬೆಳಕು, ಸದ್ದಿನ ಕ್ಯೂಗಳನ್ನು ಸ್ಟೇಜ್ ಮ್ಯಾನೇಜರ್ ತನ್ನ ಪ್ರತಿಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆಯಬೇಕು. ತಾಲೀಮಿನಲ್ಲಿ ಅವು ಬದಲಾಗದೆ ಇರುವುದಿಲ್ಲ. ಕ್ಯೂ ಬೀಳುವ ಪದಕ್ಕೇ ಗೆರೆ ಎಳೆಯಿರಿ, ಸಾಲಿಗೆ ಅಲ್ಲ. ಪ್ರತಿ ಕ್ಯೂಗೂ ಒಂದು ಸಂಖ್ಯೆ ಇರುತ್ತದೆ; ಹದಿನಾಲ್ಕು, ಹದಿನೈದರ ನಡುವೆ ಹೊಸದು ಬಂದರೆ 14.5 ಎಂದು ಬರೆದರಾಯಿತು, ಮುಂದಿನದನ್ನೆಲ್ಲ ತಿದ್ದಬೇಕಿಲ್ಲ.

ಸ್ಟೇಜ್ ಮ್ಯಾನೇಜರ್ ಕ್ಯೂ ಕರೆಯುವ ಕ್ರಮ ಹೀಗೆ: ಅರ್ಧ ಪುಟ ಮೊದಲು ‘ಲೈಟ್ 14, ಸ್ಟ್ಯಾಂಡ್‌ಬೈ’, ಅಂದರೆ ಸಿದ್ಧರಾಗಿ. ಬೆಳಕು ನಡೆಸುವ ಆಪರೇಟರ್ ಮರುದನಿ ಕೊಡಬೇಕು. ಕೊಡದಿದ್ದರೆ ಕೇಳಿಸಿಲ್ಲವೆಂದೇ ತಿಳಿಯಿರಿ. ಕ್ಯೂ ಬಿದ್ದಾಗ ‘ಲೈಟ್ 14, ಗೋ’. ‘ಗೋ’ ಯಾವಾಗಲೂ ಕೊನೆಗೇ, ಏಕೆಂದರೆ ಬೆರಳು ಆ ಪದಕ್ಕೇ ಗುಂಡಿ ಒತ್ತುತ್ತದೆ. ಹೆಡ್‌ಸೆಟ್‌ನಲ್ಲಿ ಹರಟುವಾಗ ಯಾರಾದರೂ ಆ ಪದ ಆಡಿಬಿಟ್ಟರೆ ಹಗಲಿನ ದೃಶ್ಯ ಕತ್ತಲಾಗುತ್ತದೆ. ಸಂಖ್ಯೆ ಹೇಳಲೂ ಹೊತ್ತು ಬೇಕು. ಅದನ್ನು ಒಂದೆರಡು ಪದ ಮೊದಲೇ ಶುರುಮಾಡಿದರೆ ‘ಗೋ’ ಸರಿಯಾದ ಜಾಗಕ್ಕೆ ಬೀಳುತ್ತದೆ. ಮಾತಾಡಲಾಗದ ಕಡೆ ಕ್ಯೂ ಲೈಟ್ ಇರುತ್ತದೆ: ಕೆಂಪು ಬಂದರೆ ಸಿದ್ಧರಾಗಿ, ಹಸಿರಾದರೆ ಹೊರಡಿ.

ನಟ ಅರ್ಧ ಪುಟ ಹಾರಿಸಿದನೋ, ಹಳೆಯ ಕ್ಯೂಗಳನ್ನು ಸರಸರ ಓಡಿಸಬೇಡಿ. ಈಗ ನಡೆಯುತ್ತಿರುವ ಮಾತಿಗೆ ಯಾವ ಬೆಳಕು ಇರಬೇಕೋ ನೇರ ಆ ಸಂಖ್ಯೆಗೆ ಹೋಗಿ.