ಪಿಒಪಿ ಬೇಗ ಗಟ್ಟಿಯಾಗಲು ಕಾರಣ ಬಕೆಟ್‌ನಲ್ಲೇ ಇತ್ತು

ವೈರಿಂಗ್‌ಗೆ ಕೊರೆದ ಗೋಡೆಯನ್ನು ನಾನೇ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ (ಪಿಒಪಿ) ಮುಚ್ಚುತ್ತಿದ್ದೆ. ಮೊದಲ ಸಲ ಕಲಸಿದ್ದು ಬೆಣ್ಣೆಯಂತೆ ಹರಡಿತು. ಎರಡನೆಯದು ಬೇಗ ಬಿಗಿಯಿತು. ಮೂರನೆಯದು ಕರಣೆಗೆ ಹತ್ತುವ ಮೊದಲೇ ಗಂಟುಗಂಟಾಯಿತು. ಪುಡಿ ಕೆಟ್ಟಿದೆ ಅಂದುಕೊಂಡೆ. ಸುಮ್ನೆ ನೀರು ಜಾಸ್ತಿ ಹಾಕಿ ನೋಡಿದೆ. ಒಣಗಿದ ಮೇಲೆ ಉಗುರು ತಾಗಿದರೂ ಪುಡಿ ಉದುರಿತು.

ಆಮೇಲೆ ಬಕೆಟ್ ನೋಡಿದೆ. ಒಳಗೋಡೆಗೆ ಹಿಂದಿನ ಸಲದ ಬಿಳಿ ಪೊರೆ ಅಂಟಿಕೊಂಡಿತ್ತು. ತಪ್ಪು ಅಲ್ಲೇ!

ಜಿಪ್ಸಮ್ ಕಲ್ಲಿನಲ್ಲಿ ತೂಕದ ಸುಮಾರು 21% ನೀರೇ ಇರುತ್ತದೆ. ಸುಮಾರು 150 ಡಿಗ್ರಿಗೆ ಕಾಯಿಸಿದಾಗ ಅದರ ಮುಕ್ಕಾಲು ಪಾಲು ಹೋಗಿ ಈ ಪುಡಿ ಸಿಗುತ್ತದೆ. ನೀರು ಹಾಕಿದರೆ ಮತ್ತೆ ಜಿಪ್ಸಮ್ ಆಗುತ್ತದೆ. ಸೂಜಿಯಂಥ ಹರಳುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಹಳೆಯ ಗಟ್ಟಿ ಚೂರು ಬಿದ್ದರೆ ಹೊಸ ಹರಳಿಗೆ ಅದೇ ಬೀಜ. ಹೆಪ್ಪು ಹಾಕಿದ ಹಾಗೆ ಅಲ್ವಾ?

ಈಗ ಪ್ರತಿ ಸಲ ಬಕೆಟ್, ಕರಣೆ ಎರಡನ್ನೂ ಉಜ್ಜಿ ತೊಳೆಯುತ್ತೇನೆ. ಮೊದಲು ತಣ್ಣೀರು, ಆಮೇಲೆ ಪುಡಿ ಉದುರಿಸುತ್ತೇನೆ. ಒಂದೆರಡು ನಿಮಿಷ ನೆನೆಯಲು ಬಿಟ್ಟು ನಿಧಾನ ಕಲಸುತ್ತೇನೆ. ಜೋರಾಗಿ ಕಲಸಿದರೂ ಬೇಗ ಬಿಗಿಯುತ್ತದೆ. ಬಿಗಿಯಲು ಶುರುವಾದದ್ದಕ್ಕೆ ಮತ್ತೆ ನೀರು ಹಾಕಲೇಬೇಡಿ, ಎಸೆದುಬಿಡಿ.

ಬಚ್ಚಲಿನ ಗೋಡೆಗೆ ಮಾತ್ರ ಸಿಮೆಂಟೇ ಬಳಸಿದೆ. ಜಿಪ್ಸಮ್ ನೀರಿನಲ್ಲಿ ಸ್ವಲ್ಪ ಕರಗುತ್ತದೆ, ಲೀಟರಿಗೆ ಸುಮಾರು 2 ಗ್ರಾಂ.