ಮೊದಲು ಒಲೆ ಹಚ್ಚಿ: ಬೆಂಗಳೂರಿಗೆ ಹೊಸದಾಗಿ ಬಂದ ಮನೆಯವರಿಗೆ

ಬೆಳಿಗ್ಗೆ ಹಾಲು ಉಕ್ಕಿಸಿ, ರಾತ್ರಿ ಊಟಕ್ಕೆ ಹೋಟೆಲಿಗೆ ಹೋಗುವವರೇ ಜಾಸ್ತಿ. ನಾವು ಹಾವೇರಿಯಿಂದ ಬಂದಾಗಲೂ ಹಾಗೇ ಮಾಡಿದೆವು. ಗ್ಯಾಸ್ ಇರಲಿಲ್ಲ, ಪಾತ್ರೆಗಳು ಇನ್ನೂ ಚೀಲದಲ್ಲಿದ್ದವು. ನಾಲ್ಕು ದಿನ ತಾನೇ ಅಂದುಕೊಂಡಿದ್ದು ಎರಡೂವರೆ ತಿಂಗಳಾಯಿತು. ಮಗಳ ಹೊಟ್ಟೆ ಕೆಟ್ಟಿತು, ಕೂಡಿಟ್ಟ ದುಡ್ಡು ಖಾಲಿಯಾಯಿತು. ಅದಕ್ಕೇ ಹೊಸದಾಗಿ ಬಂದವರಿಗೆ ನೆರವಾಗುವ ನಮ್ಮ ಸಂಘದಿಂದ ಹೇಳುತ್ತಿದ್ದೇವೆ: ಸೋಫಾ, ಟಿ.ವಿ. ಆಮೇಲೆ ಬರಲಿ. ಮೊದಲ ವಾರದಲ್ಲೇ ಅಡುಗೆಮನೆ ಶುರುವಾಗಲಿ.

ಗ್ಯಾಸ್

ಊರು ಬಿಡುವ ಮೊದಲೇ ಅಲ್ಲಿನ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ವಾಪಸ್ ಕೊಟ್ಟು ಟ್ರಾನ್ಸ್‌ಫರ್ ವೋಚರ್ (ಗ್ಯಾಸ್ ಸಂಪರ್ಕ ವರ್ಗಾಯಿಸುವ ಚೀಟಿ) ತನ್ನಿ. ಇಲ್ಲಿನ ಏಜೆನ್ಸಿಗೆ ಅದರ ಜೊತೆ ಬಾಡಿಗೆ ಕರಾರು ಪತ್ರ ಕೊಡಿ. ಸಂಪರ್ಕ ಸಿಗುವವರೆಗೆ 5 ಕೆ.ಜಿ. ಸಿಲಿಂಡರ್ ಸಾಕು, ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಯಲ್ಲೇ ಸಿಗುತ್ತದೆ. ಗಲ್ಲಿಯ ಅಂಗಡಿಗಳಲ್ಲಿ ಕೈಯಿಂದ ಗ್ಯಾಸ್ ತುಂಬಿಸಿಕೊಳ್ಳುವ ಕೆಲಸ ಮಾತ್ರ ದಯವಿಟ್ಟು ಬೇಡ. ಮನೆಯಲ್ಲಿ ಮಕ್ಕಳಿರುತ್ತಾರೆ ಅಲ್ವಾ?

ಬೇಳೆ ಬೇಯುತ್ತಿಲ್ಲವೇ?

ಇದು ನಮ್ಮನ್ನು ಬಹಳ ಕಾಡಿದ ವಿಷಯ, ಸ್ವಲ್ಪ ಜಾಸ್ತಿಯೇ ಬರೆಯುತ್ತೇವೆ. ಆರು ಸೀಟಿ ಕೂಗಿಸಿದರೂ ತೊಗರಿಬೇಳೆ ಕಾಳುಕಾಳಾಗಿಯೇ ಇರುತ್ತಿತ್ತು. ಬೇಳೆ ಹಳೆಯದು ಅಂತ ಅಂಗಡಿಯವರ ಜೊತೆ ಜಗಳವಾಡಿದೆವು. ತಪ್ಪು ನೀರಿನದಾಗಿತ್ತು. ಕಾವೇರಿ ನೀರು ಬರದ ಬಡಾವಣೆಗಳಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ಅದು ಹೆಚ್ಚಾಗಿ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಜೊತೆಗೆ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೋಗಬೇಡಿ, ಕುಕ್ಕರ್ ಬೇಕೇ ಬೇಕು. ಬೇಳೆಯನ್ನು ಅರ್ಧ ಗಂಟೆ ನೆನೆಸಿ. ಕುಡಿಯುವ ಫಿಲ್ಟರ್ ನೀರಿನಲ್ಲೇ ಬೇಯಿಸಿ. ಹುಣಸೆಹುಳಿ, ಟೊಮೆಟೊ ಬೆಂದ ಮೇಲೆಯೇ ಹಾಕಿ. ಮನೆ ನೋಡಲು ಹೋದಾಗ ಬಾಡಿಗೆ ಕೇಳುವ ಮೊದಲು ಯಾವ ನೀರು ಅಂತ ಕೇಳಿ.

ಕಲಬುರಗಿ, ರಾಯಚೂರು ಕಡೆಯಿಂದ ಬಂದವರಿಗೆ ಇನ್ನೊಂದು ಮಾತು. ಡಿಸೆಂಬರ್ ಚಳಿಯಲ್ಲಿ ಇಲ್ಲಿ ಇಡ್ಲಿ ಹಿಟ್ಟು ಬೇಗ ಉಬ್ಬುವುದಿಲ್ಲ. ಸಂಜೆ ಐದಕ್ಕೇ ರುಬ್ಬಿ, ಪಾತ್ರೆಗೆ ದಪ್ಪ ಟವೆಲ್ ಸುತ್ತಿಡಿ.

ಹೊರಗಿನ ಊಟ

ಹೊರಗೆ ತಿನ್ನಲೇಬಾರದು ಅಂತಲ್ಲ. ಈ ಊರಿನ ಹೋಟೆಲುಗಳ ಬಗ್ಗೆ ನಮಗೆ ಹೆಮ್ಮೆಯಿದೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಿದ್ದಾಗ ಎಂಟಿಆರ್‌ನವರು ರವೆಯಲ್ಲೇ ಇಡ್ಲಿ ಮಾಡಿ ತೋರಿಸಿದರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ 1943ರಿಂದ ದೋಸೆ ಹುಯ್ಯುತ್ತಿದ್ದಾರೆ. ಭಾನುವಾರ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ, ಕೂತು ನಿಧಾನವಾಗಿ ತಿನ್ನಿ. ದರ್ಶಿನಿಯಲ್ಲಿ, ಅಂದರೆ ನಿಂತುಕೊಂಡು ತಿನ್ನುವ ಸಣ್ಣ ಹೋಟೆಲಿನಲ್ಲಿ, ಮೊದಲು ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಳ್ಳಬೇಕು. ಒಂಟಿಯಾಗಿ ಕೆಲಸಕ್ಕೆ ಬಂದವರಿಗೆ 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಇದೆ, ಸಂಕೋಚ ಬೇಡ.

ಆದರೆ ದಿನಾ ರಾತ್ರಿ ಮೊಬೈಲಿನಲ್ಲಿ ಊಟ ತರಿಸುವುದು ಬೇರೆ ವಿಷಯ. ಡೆಲಿವರಿ, ಪ್ಯಾಕಿಂಗ್, ಪ್ಲಾಟ್‌ಫಾರ್ಮ್ ಶುಲ್ಕ ಎಲ್ಲ ಸೇರಿದ ಮೇಲೆ ಒಂದು ಸಲ ಬಿಲ್ ನೋಡಿ. ಅಷ್ಟು ದುಡ್ಡಿಗೆ ನಾಲ್ಕು ಜನಕ್ಕೆ ಎಷ್ಟು ದಿನದ ಅನ್ನ ಸಾರು ಆಗುತ್ತದೆ ಅಂತ ಲೆಕ್ಕ ಹಾಕಿ. ಸುಸ್ತಾಗಿರುತ್ತೆ, ನಮಗೂ ಗೊತ್ತು. ಬೆಳಿಗ್ಗೆಯೇ ಸ್ವಲ್ಪ ಜಾಸ್ತಿ ಸಾರು ಮಾಡಿಟ್ಟರೆ ರಾತ್ರಿ ಅನ್ನ ಒಂದೇ ಕೆಲಸ. ದೊಡ್ಡ ಹೋಟೆಲುಗಳಲ್ಲಿ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಯಲು ಹೇಳಿ. ಅದು ಕಡ್ಡಾಯವಲ್ಲ.

ಎಲ್ಲಿ ಏನು

ತರಕಾರಿ, ಹಣ್ಣು: ಹಾಪ್‌ಕಾಮ್ಸ್ ಮಳಿಗೆ
ಹಾಲು, ಮೊಸರು: ನಂದಿನಿ ಬೂತ್
ಜಾಸ್ತಿ ಬೇಕಿದ್ದರೆ: ಕೆ.ಆರ್. ಮಾರ್ಕೆಟ್, ಬೆಳಗಿನ ಜಾವ
ಸೊಗಡಿನ ಅವರೆಕಾಯಿ: ಡಿಸೆಂಬರ್, ಜನವರಿ
ಕಡಕ್ ಜೋಳದ ರೊಟ್ಟಿ: ಸಂಘದಲ್ಲಿ ಕೇಳಿ, ಮನೆಯಲ್ಲೇ ಬಡಿದು ಕೊಡುವ ಅಕ್ಕಂದಿರಿದ್ದಾರೆ

ಗ್ಯಾಸ್ ಬರುವುದು ತಡವಾದರೆ ಸುಮ್ನೆ ಕೂರಬೇಡಿ, ನಮಗೆ ತಿಳಿಸಿ. ಸಂಘದ ಬಳಿ ಎರಡು ಇಂಡಕ್ಷನ್ ಒಲೆಗಳಿವೆ. ತಳ ಸಪಾಟಾಗಿರುವ ಸ್ಟೀಲ್ ಪಾತ್ರೆ ನಿಮ್ಮದೇ ಇರಲಿ, ಬರೀ ಅಲ್ಯುಮಿನಿಯಂ ಪಾತ್ರೆ ಅದರ ಮೇಲೆ ಕಾಯುವುದಿಲ್ಲ. ಒಲೆಯನ್ನು ಒಂದು ವಾರ ಇಟ್ಟುಕೊಂಡು, ಒರೆಸಿ ವಾಪಸ್ ಕೊಡಿ. ಮುಂದಿನ ಮನೆಯವರು ಕಾಯುತ್ತಿರುತ್ತಾರೆ.